ಗಾಡಿಯ ರೋಜುಕಿರ್ದಿ

ಸ್ವಂತ ಮೋಟಾರು ಗಾಡಿಯುಳ್ಳವರು ನಮ್ಮ ಊರುಗಳಲ್ಲಿ ಈಗ ಎಷ್ಟೋ ಮಂದಿ ಇದ್ದಾರೆ. ಅದನ್ನು ತಮ್ಮ ಕೈಯಿಂದಲೇ ಬಿಚ್ಚಿ, ಒರಸಿ, ಎಣ್ಣೆ ಬದಲಾಯಿಸಿ ನೋಡಿಕೊಳ್ಳುವವರು ತೀರ ಕೆಲವರು. ಆ ಕೆಲವರಲ್ಲಿಯೂ, ಇಂಥ ದಿನ ಇಂಥ ಕೆಲಸ ಮಾಡಿದೆನೆಂದು ಬರೆದಿಡುವವರನ್ನು ಹುಡುಕಬೇಕಾದೀತು. ಇದು ಸೋಜಿಗದ ಸಂಗತಿಯೇ ಸರಿ. ಹಾಲಿನವನಿಗೆ ಎಷ್ಟು ಸಲ್ಲಬೇಕು, ಪತ್ರಿಕೆ ಎಷ್ಟು ದಿನ ಬರಲಿಲ್ಲ, ಅಡಿಗೆಯ ಅನಿಲದ ಸಿಲಿಂಡರು ಯಾವತ್ತು ಹಚ್ಚಿದ್ದು ಎಂಬುದನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ತಪ್ಪದೆ ಗುರುತು ಹಾಕುವ ನಾವು, ನಾಲ್ಕು ಜೀವಗಳನ್ನು ಹೊತ್ತು ಘಟ್ಟ ಇಳಿಯುವ ಯಂತ್ರದ ವಿಷಯದಲ್ಲಿ ಮಾತ್ರ ನಮ್ಮ ನೆನಪನ್ನು ನಂಬಿ ಕುಳಿತಿರುತ್ತೇವೆ. ನೆನಪಾದರೋ ಎಂಥದು! ಪ್ಲಗ್ಗು ಬದಲಾಯಿಸಿದ್ದು ದಸರೆಗೆ ಮುಂಚೆಯೋ ಆಮೇಲೋ ಎಂದು ಗಂಡ ಹೆಂಡಿರು ಅರ್ಧ ಗಂಟೆ ವಾದಿಸುವುದನ್ನು ನಾನು ಕೇಳಿದ್ದೇನೆ.

ನನ್ನ ತಂದೆಯವರು ಶಿವಮೊಗ್ಗೆಯ ಒಂದು ಪ್ರೌಢಶಾಲೆಯಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದರು. 1976ರಲ್ಲಿ ಅವರು ಒಂದು ಹಳೆಯ ಫಿಯಟ್ 1100 ಕಾರನ್ನು ಕೊಂಡರು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ಸ್ಟಿಯರಿಂಗಿನ ಕಂಬಕ್ಕೇ ಗೇರಿನ ಹಿಡಿಯುಳ್ಳ ಆ ಗಾಡಿಯನ್ನು ಹಿರಿಯ ಓದುಗರು ಮರೆತಿರಲಾರರು. ಆ ಕಾಲದಲ್ಲಿ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾಯುವ ಶಕ್ತಿಯಿದ್ದರೂ ಕೊಳ್ಳುವ ಶಕ್ತಿ ಮೇಷ್ಟರ ಸಂಬಳಕ್ಕೆ ಇರಲಿಲ್ಲ. ಆದುದರಿಂದ ಮೂರನೆಯ ಕೈಯ ಗಾಡಿ ಬಂತು. ಅದರ ಹಿಂದಿನ ಇಬ್ಬರು ಒಡೆಯರು ಏನು ಮಾಡಿದ್ದರು, ಏನು ಮಾಡಿರಲಿಲ್ಲ ಎಂಬುದನ್ನು ತಿಳಿಯುವ ದಾರಿಯೇ ಇರಲಿಲ್ಲ. "ಹುಟ್ಟಿದ ದಿನ ಗೊತ್ತಿಲ್ಲದ ರೋಗಿಗೆ ಮದ್ದು ಕೊಡಬಹುದು, ತಿಂದದ್ದೇನೆಂದು ಹೇಳದ ರೋಗಿಗೆ ಕೊಡುವುದು ಕಷ್ಟ" ಎಂದು ತಂದೆಯವರು ಅಂದದ್ದು ನನಗೆ ನೆನಪಿದೆ. ಮರುದಿನವೇ ಅವರು ಪೇಟೆಯಿಂದ ಉದ್ದನೆಯ ಬೈಂಡು ಪುಸ್ತಕವೊಂದನ್ನು ತಂದರು.

ದುರಸ್ತಿಯನ್ನು ತಾವೇ ಮಾಡಿಕೊಳ್ಳುತ್ತಿದ್ದುದು ಹಣದ ಉಳಿತಾಯಕ್ಕಾಗಿ ಎಂದು ನೆರೆಯವರು ತಿಳಿದಿದ್ದರು. ಅದು ಅಷ್ಟು ನಿಜವಲ್ಲ. ಆಗ ಮೆಕ್ಯಾನಿಕ್ಕನ ಕೂಲಿ ಹೆಚ್ಚೇನೂ ಇರಲಿಲ್ಲ. ತಂದೆಯವರು ಹಾಳುಮಾಡಿದ ಬೋಲ್ಟುಗಳ ಬೆಲೆ ಹಿಡಿದರೆ ಉಳಿತಾಯ ಎಷ್ಟಾಗುತ್ತಿತ್ತೋ ಹೇಳಲಾರೆ. ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದ ಒತ್ತಡ, ಉಷ್ಣ, ಘರ್ಷಣೆಗಳು ಗಾಡಿಯ ಬಾನೆಟ್ಟಿನ ಕೆಳಗೆ ಕೈಗೆ ಸಿಗುತ್ತಿದ್ದುವು. ಅದೇ ಅವರ ಸುಖ.

ಪುಸ್ತಕದ ಪ್ರತಿ ಪುಟಕ್ಕೂ ಐದು ಅಂಕಣಗಳು. ತಾರೀಖು, ಮೀಟರಿನ ಅಂಕೆ, ಮಾಡಿದ ಕೆಲಸ, ತಗಲಿದ ಖರ್ಚು. ಇವು ನಾಲ್ಕು ಯಾರಿಗಾದರೂ ಹೊಳೆಯತಕ್ಕವು. ಐದನೆಯ ಅಂಕಣದ ತಲೆಬರಹ 'ಸಂಶಯ' ಎಂದಿತ್ತು. ಕೆಲಸ ಮಾಡುವಾಗ ಕಣ್ಣಿಗೆ ಬಿದ್ದು, ಅರ್ಥವಾಗದೆ ಉಳಿದದ್ದು ಅಲ್ಲಿ ಸೇರಬೇಕು. ಎಡಗಡೆಯ ಮುಂದಿನ ಚಕ್ರದಿಂದ ಸುಟ್ಟ ವಾಸನೆ, ಒಮ್ಮೆ ಮಾತ್ರ. ಬೆಳಗಿನ ಹೊತ್ತು ಹೊರಡುವಾಗ ಕೀಚೆಂದಿತು, ಬೆಲ್ಟು ಇರಬಹುದು, ನೋಡಿಲ್ಲ. ಇಂಥ ಸಾಲುಗಳು. 'ನೋಡಿಲ್ಲ' ಎಂಬ ಪದವನ್ನು ಅವರು ಯಾವ ಸಂಕೋಚವೂ ಇಲ್ಲದೆ ಬರೆಯುತ್ತಿದ್ದರು. ಒಮ್ಮೆ ಮೀಟರಿನ ಕೇಬಲ್ಲು ತುಂಡಾಗಿ ಎರಡು ತಿಂಗಳು ಅಂಕೆ ಓಡದೆ ನಿಂತಿತು. ಆ ಎರಡು ತಿಂಗಳ ಸಾಲುಗಳಲ್ಲೆಲ್ಲ ಅಂಕೆಯ ಮುಂದೆ 'ಅಂದಾಜು' ಎಂದು ಬರೆದಿದ್ದರು. ಎರಡು ತಿಂಗಳ ಮಾತಿಗೆ ಇಷ್ಟು ನಿಷ್ಠುರವೇಕೆ ಎಂದು ನನಗೆ ಆಗ ನಗು ಬರುತ್ತಿತ್ತು.

ಹೋಲಿಕೆಗಳನ್ನು ಅವರು ಅಡಿಗೆಮನೆಯಿಂದ ಎತ್ತಿಕೊಳ್ಳುತ್ತಿದ್ದರು. ಸ್ಪಾರ್ಕು ಪ್ಲಗ್ಗನ್ನು ಬಿಚ್ಚಿದಾಗ ಅದರ ತುದಿಯ ಬಣ್ಣವೇ ಇಂಜಿನ್ನಿನ ಆರೋಗ್ಯವನ್ನು ಹೇಳುತ್ತದೆ. ಪೆಟ್ರೋಲು ಗಾಳಿಗಳು ಹದವಾಗಿ ಬೆರೆತು ಉರಿಯುತ್ತಿದ್ದರೆ ತುದಿ ತಿಳಿಗಂದು ಬಣ್ಣಕ್ಕಿರುತ್ತದೆ. ಪೆಟ್ರೋಲು ಹೆಚ್ಚಾದರೆ ಒಣ ಮಸಿ ಕಟ್ಟುತ್ತದೆ. ಗಾಳಿ ಹೆಚ್ಚಾಗಿ ಬಿಸಿಯೇರಿದರೆ ಬೆಳ್ಳಗಾಗುತ್ತದೆ. ಪುಸ್ತಕದಲ್ಲಿ ಇವು 'ಹುರಿಗಡಲೆ', 'ಕಾಡಿಗೆ', 'ಸುಣ್ಣ' ಎಂದಾಗಿದ್ದುವು. '1 ಹುರಿಗಡಲೆ, 2 ಹುರಿಗಡಲೆ, 3 ಕಾಡಿಗೆ, 4 ಹುರಿಗಡಲೆ' ಎಂದರೆ ಮೂರನೆಯ ಸಿಲಿಂಡರಿನ ಮೇಲೆ ಕಣ್ಣಿಡಬೇಕೆಂದು ಅರ್ಥ. ಹೊಸ ಭಾಗವನ್ನು ಕೊಂಡಾಗ ಅದರ ಪೆಟ್ಟಿಗೆಯ ಮೇಲಿನ ಸಂಖ್ಯೆಯ ಚೀಟಿಯನ್ನು ಕತ್ತರಿಸಿ ಅಂಟಿಸುತ್ತಿದ್ದರು. ಬೆಂಗಳೂರಿನ ಅಂಗಡಿಗೆ ಕಾಗದ ಬರೆದು ತರಿಸಬೇಕಾದ ದಿನಗಳಲ್ಲಿ ಆ ಚೀಟಿಗಿದ್ದ ಬೆಲೆಯನ್ನು ಈಗಿನವರಿಗೆ ಹೇಳಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಬರೆದು ಬಂದ ಲಾಭವೇನು? ಒಂದು ಉದಾಹರಣೆ ಕೊಡುತ್ತೇನೆ. ಗಾಡಿ ಎಷ್ಟು ಪೆಟ್ರೋಲು ಕುಡಿಯುತ್ತದೆಂಬುದನ್ನು ಮೀಟರಿನ ಮುಳ್ಳು ನೋಡಿ ಹೇಳಲಾಗದು. ಟ್ಯಾಂಕನ್ನು ಬಾಯಿಮಟ ತುಂಬಿಸಿ, ಓಡಿಸಿ, ಮತ್ತೆ ಬಾಯಿಮಟ ತುಂಬಿಸಿದಾಗ ಹಿಡಿದ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸಬೇಕು. ತಂದೆಯವರು ಪ್ರತಿ ಸಲವೂ ಹೀಗೆ ಲೆಕ್ಕ ಹಾಕುತ್ತಿದ್ದರು. ಲೀಟರಿಗೆ 12 ಕಿಲೋಮೀಟರಿನ ಸುಮಾರಿನಲ್ಲಿದ್ದದ್ದು ಏಳೆಂಟು ತುಂಬಿಸುವಿಕೆಗಳಲ್ಲಿ ಇಷ್ಟಿಷ್ಟೇ ಜಾರುತ್ತ 10ರ ಹತ್ತಿರಕ್ಕೆ ಬಂತು. ಯಾವ ಒಂದು ದಿನವೂ ಗಾಡಿ ನಿನ್ನೆಗಿಂತ ಕೆಟ್ಟಿದೆ ಎನ್ನಿಸುವಂತಿರಲಿಲ್ಲ. ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಮಾತ್ರ ಇಳಿಜಾರು ಕಾಣುತ್ತಿತ್ತು. ಕಾರ್ಬುರೇಟರನ್ನು ತೊಳೆಯಬೇಕೆಂದು ಪರಿಚಯದ ಮೆಕ್ಯಾನಿಕ್ಕರು ಹೇಳಿದರು. ಸಾಮಾನ್ಯವಾಗಿ ಅದೇ ಸರಿಯಾದ ಸಲಹೆ. ಆದರೆ ಸಂಶಯದ ಅಂಕಣದಲ್ಲಿ, ಇಳಿತ ತೊಡಗಿದ ಹೊತ್ತಿನಲ್ಲೇ, 'ಹಿಂದಿನ ಬಲಚಕ್ರದ ಗುಬ್ಬ ಮುಟ್ಟಿದರೆ ಉಳಿದವಕ್ಕಿಂತ ಬಿಸಿ' ಎಂಬ ಸಾಲಿತ್ತು. ಬಿಚ್ಚಿ ನೋಡಿದರೆ ಬ್ರೇಕಿನ ಲಾಳ ಹಿಂದಕ್ಕೆ ಸರಿಯದೆ ಡ್ರಮ್ಮಿಗೆ ಉಜ್ಜುತ್ತಲೇ ಇತ್ತು. ಗಾಡಿ ಆ ತಿಂಗಳುಗಳೆಲ್ಲ ಒಂದು ಕಾಲಿಗೆ ಬ್ರೇಕು ಹಾಕಿಕೊಂಡೇ ಓಡಿತ್ತು. ಎರಡು ಬೇರೆ ಬೇರೆ ಸಾಲುಗಳು ಒಂದೇ ಪುಟದಲ್ಲಿ ಕುಳಿತಿದ್ದರಿಂದ ಒಂದನ್ನೊಂದು ಗುರುತಿಸಿದವು. ತಲೆಯೊಳಗೆ ಇದ್ದಿದ್ದರೆ ಅವೆರಡೂ ಭೇಟಿಯಾಗುತ್ತಿರಲಿಲ್ಲ.

ಲೆಕ್ಕ ಬರೆಯುವುದು ನಮ್ಮ ನಾಡಿಗೆ ಹೊಸದೇನಲ್ಲ. ಅಂಗಡಿಯ ರೋಜುಕಿರ್ದಿ, ಖಾತೆ, ಖತಾವಣಿ ಈ ಮಾತುಗಳು ನಮ್ಮ ಅಜ್ಜಂದಿರ ನಾಲಗೆಯ ಮೇಲಿದ್ದವು. ಅದಕ್ಕೂ ಹಿಂದೆ ವರ್ತಕರೂ ಶಾನುಭೋಗರೂ ಬಳಸುತ್ತಿದ್ದ ಕಡತವನ್ನು ಓದುಗರು ವಸ್ತುಸಂಗ್ರಹಾಲಯಗಳಲ್ಲಿ ನೋಡಿರಬಹುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕರಿಯ ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತೆಂಬುದು ಅದರ ಅನುಕೂಲ. ಅದರ ಅಪಾಯವೂ ಅದೇ. ಕಡತ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದು ಬಟ್ಟೆಯನ್ನು ಅವಲಂಬಿಸಿರಲಿಲ್ಲ, ಬಳಪ ಹಿಡಿದ ಕೈಯನ್ನು ಅವಲಂಬಿಸಿತ್ತು. ಈ ಮಾತಿಗೆ ನಾನು ಮತ್ತೆ ಬರಬೇಕಾಗಿದೆ.

ಸಾಹಿತ್ಯದ ಓದುಗರಿಗೆ ರಾಬರ್ಟ್ ಪರ್ಸಿಗ್ ಎಂಬ ಅಮೆರಿಕದ ಲೇಖಕ ಅಪರಿಚಿತನಲ್ಲ. 1974ರಲ್ಲಿ ಪ್ರಕಟವಾದ ಅವನ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನನ್ಸ್' ಎಂಬ ಪುಸ್ತಕವನ್ನು ತತ್ತ್ವಕ್ಕಾಗಿ ಓದುವವರು ಬಹಳ. ಅದರಲ್ಲಿ ದುರಸ್ತಿಯ ಟಿಪ್ಪಣಿ ಪುಸ್ತಕದ ಬಗ್ಗೆ ಇರುವ ಭಾಗವನ್ನು ಹಾರಿಸಿ ಓದುತ್ತಾರೆಂದು ನನ್ನ ಗುಮಾನಿ. ಕಷ್ಟದ ದೋಷವನ್ನು ಹುಡುಕುವಾಗ ಎಲ್ಲವನ್ನೂ ಕ್ರಮವಾಗಿ ಬರೆಯಬೇಕು. ಅದಕ್ಕಿಂತ ಮುಖ್ಯವಾಗಿ, ಸಮಸ್ಯೆಯನ್ನು ಬರೆಯುವಾಗ ತನಗೆ ಖಚಿತವಾಗಿ ಗೊತ್ತಿರುವುದಕ್ಕಿಂತ ಒಂದು ಪದವನ್ನೂ ಹೆಚ್ಚಿಗೆ ಬರೆಯಬಾರದು ಎನ್ನುತ್ತಾನೆ ಅವನು. ಗಾಡಿ ಹೊರಡಲಿಲ್ಲವೆಂದರೆ 'ವಿದ್ಯುತ್ತಿನ ದೋಷ' ಎಂದು ಬರೆಯುವುದು ತಪ್ಪು; 'ಗಾಡಿ ಹೊರಡುತ್ತಿಲ್ಲ' ಎಂದಷ್ಟೇ ಬರೆಯಬೇಕು. ನನ್ನ ತಂದೆಯವರು ಪರ್ಸಿಗನ ಹೆಸರನ್ನೂ ಕೇಳಿರಲಿಲ್ಲ. ಅವರ ಐದನೆಯ ಅಂಕಣಕ್ಕೂ ಅವನ ಎಚ್ಚರಿಕೆಗೂ ನೆಂಟಸ್ತನವಿದೆಯೆಂದು ಹೊಳೆದದ್ದು ನನಗೆ ಬಹಳ ವರ್ಷಗಳ ತರುವಾಯ.

ಅಮೆರಿಕದಲ್ಲೇ ಇನ್ನೊಬ್ಬ ಮೇಷ್ಟರ ಕಥೆಯುಂಟು. ಅರ್ವ್ ಗಾರ್ಡನ್ ಎಂಬ ವಿಜ್ಞಾನದ ಅಧ್ಯಾಪಕ 1966ರಲ್ಲಿ ಕೊಂಡ ವೋಲ್ವೋ ಪಿ 1800 ಕಾರಿನಲ್ಲಿ 2013ರ ಹೊತ್ತಿಗೆ ಮೂವತ್ತು ಲಕ್ಷ ಮೈಲಿ, ಎಂದರೆ ಸುಮಾರು 48 ಲಕ್ಷ ಕಿಲೋಮೀಟರು ಓಡಿಸಿದ. 2018ರಲ್ಲಿ ತೀರಿಕೊಂಡ. ಗುಟ್ಟೇನೆಂದು ಕೇಳಿದವರಿಗೆಲ್ಲ ಅವನು, ತಯಾರಕರ ಕೈಪಿಡಿಯಲ್ಲಿ ಇಂತಿಷ್ಟು ಮೈಲಿಗೆ ಇಂಥದು ಎಂದಿರುವುದನ್ನು ತಪ್ಪದೆ ಮಾಡಿದೆ ಎಂಬ ಅರ್ಥದ ಉತ್ತರವನ್ನೇ ಕೊಡುತ್ತಿದ್ದ. ಕೇಳುವವರಿಗೆ ನಿರಾಸೆಯಾಗುತ್ತಿದ್ದಿರಬೇಕು.

ಈಗಿನ ಗಾಡಿಗಳಲ್ಲಿ ಪಾಯಿಂಟು ಇಲ್ಲ, ಕಾರ್ಬುರೇಟರು ಇಲ್ಲ. ಕಂಪ್ಯೂಟರು ತಾನೇ ದೋಷವನ್ನು ಬರೆದಿಟ್ಟುಕೊಳ್ಳುತ್ತದೆ. ಹಾಗಾದರೆ ಮನುಷ್ಯ ಬರೆಯುವುದೇಕೆ ಎಂದು ಕೇಳಬಹುದು. ಸೆನ್ಸರು ಕೊಟ್ಟ ಸಂಕೇತವನ್ನು ಕಂಪ್ಯೂಟರು ಬಲ್ಲದು. ನೀವು ಕಳೆದ ವರ್ಷ ಸುರಿದ ಕೂಲೆಂಟು ಯಾವ ಬಗೆಯದು, ಬ್ಯಾಟರಿಯ ತುದಿಗೆ ಗ್ರೀಸು ಹಚ್ಚಿದಿರೋ ಇಲ್ಲವೋ, ಸ್ಟೆಪ್ನಿಯ ಗಾಳಿಯನ್ನು ಕೊನೆಗೆ ನೋಡಿದ್ದು ಯಾವಾಗ, ಇವು ಅದಕ್ಕೆ ತಿಳಿಯವು. ಮೊಬೈಲಿನಲ್ಲಿ ಬರೆದುಕೊಳ್ಳುವ ಕಿರಿಯ ಮಿತ್ರರನ್ನು ಬಲ್ಲೆ. ಮೀಟರಿನ ಅಂಕೆಯ ಫೋಟೋ, ತೆಗೆದ ಹಳೆಯ ಫಿಲ್ಟರಿನ ಫೋಟೋ, ಅಂಗಡಿಯ ರಸೀದಿಯ ಫೋಟೋ, ಎಲ್ಲಕ್ಕೂ ತಾರೀಖು ತಾನಾಗಿಯೇ ಬೀಳುತ್ತದೆ. ಸಾಧನದ ಬಗ್ಗೆ ನನಗೆ ಹಟವಿಲ್ಲ. ಎಣ್ಣೆಗೈಯ ಗುರುತು ಬೀಳುವ ಕಾಗದ ನನಗೆ ಇಷ್ಟವೆಂಬುದು ಬೇರೆ ಮಾತು. ಆದರೆ ಫೋಟೋಕ್ಕೂ ಕಡತದ ಗುಣವೇ ಇದೆ. ಹೊಸ ಫಿಲ್ಟರಿನ ಫೋಟೋ ತೆಗೆದು, ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟವನನ್ನು ಯಾರು ಹಿಡಿಯಬೇಕು?

ಈಗ ನನ್ನದೇ ಕಥೆ.

1982ರ ಏಪ್ರಿಲ್ ತಿಂಗಳಲ್ಲಿ ತಂದೆಯವರು ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದರು. ಹೋಗುವಾಗ ಗಾಡಿಯ ಬ್ರೇಕಿನ ಎಣ್ಣೆಯನ್ನು ಬದಲಾಯಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ಹಿಂದೆ ಬದಲಾಯಿಸಿದ್ದು 1979ರಲ್ಲಿ. ನಾನಾಗ ಕಾಲೇಜಿನ ವಿದ್ಯಾರ್ಥಿ; ನಾಲ್ಕಾರು ಸಲ ಅವರ ಸಂಗಡ ಮಾಡಿ ಕಲಿತಿದ್ದೆ. ಇದು ಇಬ್ಬರ ಕೆಲಸ. ಒಬ್ಬನು ಒಳಗೆ ಕುಳಿತು ಪೆಡಲನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬನು ಚಕ್ರದ ಹಿಂದಿನ ನಿಪ್ಪಲನ್ನು ಸಡಿಲಿಸಿ ಹಳೆಯ ಎಣ್ಣೆಯನ್ನು ಹೊರಬಿಡಬೇಕು. ಹೀಗೆ ನಾಲ್ಕೂ ಚಕ್ರಗಳಿಗೆ, ಹೊಸ ಎಣ್ಣೆಯೇ ಬರುವ ತನಕ. ಬರುತ್ತೇನೆಂದ ಗೆಳೆಯ ಬರಲಿಲ್ಲ. ನಿಪ್ಪಲುಗಳು ತುಕ್ಕು ಹಿಡಿದಿದ್ದುವು. ಬಿಸಿಲು ಏರಿತು. ಆ ಸಂಜೆ ಸಿನಿಮಾ ನೋಡುವ ಏರ್ಪಾಡೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ. ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿದ್ದ ಹಳೆಯ ಎಣ್ಣೆಯನ್ನು ಮಾತ್ರ ಹೀರಿ ತೆಗೆದು, ಹೊಸದನ್ನು ತುಂಬಿದೆ. ಮೇಲಿನಿಂದ ನೋಡಿದರೆ ತಿಳಿಜೇನಿನಂತೆ ಚೊಕ್ಕಟವಾಗಿತ್ತು. ಪುಸ್ತಕದಲ್ಲಿ, ತಂದೆಯವರ ಅಕ್ಷರಗಳ ಕೆಳಗೆ, 'ಬ್ರೇಕಿನ ಎಣ್ಣೆ ಪೂರ್ತಿ ಬದಲಾಯಿಸಿದೆ' ಎಂದು ಬರೆದೆ. ಸಂಶಯದ ಅಂಕಣವನ್ನು ಖಾಲಿ ಬಿಟ್ಟೆ.

ಈ ಎಣ್ಣೆಯ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಎಣ್ಣೆ ಎಂದು ಕರೆದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುವ ಗ್ಲೈಕಾಲ್ ಜಾತಿಯ ದ್ರವ. ಡಾಟ್ 3 ಎಂಬ ದರ್ಜೆಯದು ಹೊಸದಾಗಿರುವಾಗ ಕಡಮೆಯೆಂದರೆ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದೆಂದು ನಿಯಮವಿದೆ. ಶೇಕಡಾ ನಾಲ್ಕಕ್ಕಿಂತ ಕಡಮೆ ನೀರು ಸೇರಿದರೆ ಸಾಕು, ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತಿದಾಗ ಡ್ರಮ್ಮುಗಳು ಕಾಯುತ್ತವೆ, ಕಾವು ಎಣ್ಣೆಗೆ ದಾಟುತ್ತದೆ. ದ್ರವವನ್ನು ಅಮುಕಿ ಕುಗ್ಗಿಸಲಾಗದು. ಅದು ಕುದಿದು ಆವಿಯಾದರೆ ಆವಿಯನ್ನು ಕುಗ್ಗಿಸಬಹುದು. ಎಂದರೆ, ಕಾಲು ಒತ್ತಿದ ಬಲವೆಲ್ಲ ಗುಳ್ಳೆಗಳನ್ನು ಅಮುಕುವುದರಲ್ಲಿ ಕಳೆದುಹೋಗಿ ಚಕ್ರಕ್ಕೆ ಮುಟ್ಟುವುದೇ ಇಲ್ಲ.

1983ರ ಡಿಸೆಂಬರಿನಲ್ಲಿ, ಮಲೆನಾಡಿನ ಇನ್ನೆರಡು ಮಳೆಗಾಲಗಳನ್ನು ಆ ಎಣ್ಣೆ ಕುಡಿದಿದ್ದಾಗ, ಚೊಚ್ಚಲ ಹೆರಿಗೆಗಾಗಿ ಅಕ್ಕನನ್ನು ಕರೆತರಲು ತಂದೆ, ತಾಯಿ, ನಾನು ಉಡುಪಿಗೆ ಹೊರಟೆವು. ಆಗುಂಬೆಯ ಘಟ್ಟಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಮುಂದೊಂದು ಬಸ್ಸು ತೆವಳುತ್ತಿದ್ದುದರಿಂದ ತಂದೆಯವರು ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯಬೇಕಾಯಿತು. ಅರ್ಧ ದಾರಿ ಕಳೆದಿರಬಹುದು. ಒಂದು ತಿರುವಿನ ಮೇಲೆ ಪೆಡಲು ಯಾವ ತಡೆಯೂ ಇಲ್ಲದೆ ತಳಕ್ಕೆ ಹೋಯಿತು. ತಂದೆಯವರು ಏನೂ ಹೇಳಲಿಲ್ಲ. ಗೇರು ಒಂದಕ್ಕೆ ಬಿದ್ದ ಸದ್ದು, ಕೈಬ್ರೇಕು ಎಳೆದ ಸದ್ದು, ಮಣ್ಣಿನ ದರೆಗೆ ಗಾಡಿಯ ಎಡಮೈ ಉಜ್ಜಿದ ಸದ್ದು, ಈ ಮೂರನ್ನೂ ಕೇಳಿದೆ. ನಿಂತಿತು. ತಾಯಿಯವರ ಹಣೆಗೆ ಸ್ವಲ್ಪ ಪೆಟ್ಟಾಗಿತ್ತು. ಬಲಗಡೆ ಕಟ್ಟೆಯ ಆಚೆ ಕಾಡು ಕೆಳಗಿಳಿದಿತ್ತು.

ಅರ್ಧ ಗಂಟೆ ಕಳೆದ ಮೇಲೆ ಒತ್ತಿ ನೋಡಿದರೆ ಪೆಡಲು ಎಂದಿನಂತೆ ಗಟ್ಟಿ. ಎಲ್ಲಿಯೂ ಸೋರಿಕೆಯಿಲ್ಲ. ಒಂದನೆಯ ಗೇರಿನಲ್ಲಿ ನಡೆಯುವ ವೇಗಕ್ಕೆ ಇಳಿದು ಹೇಗೋ ಉಡುಪಿ ಸೇರಿದೆವು. ಅಕ್ಕನನ್ನು ಈ ಗಾಡಿಯಲ್ಲಿ ಕೂರಿಸಲು ತಂದೆಯವರಿಗೆ ಧೈರ್ಯವಾಗಲಿಲ್ಲ. ಹದಿನೈದು ದಿನ ಬಿಟ್ಟು ಬರುತ್ತೇನೆಂದು ಬೀಗರಿಗೆ ಹೇಳಿ ಬರಿಗೈಯಲ್ಲಿ ಹಿಂತಿರುಗಿದೆವು.

ಮುಂದಿನ ರಾತ್ರಿಗಳು ನನಗೆ ಘಟ್ಟಕ್ಕಿಂತ ಕಠಿನವಾಗಿದ್ದುವು. ತಂದೆಯವರು ದೀಪದ ಕೆಳಗೆ ಆ ಪುಸ್ತಕವನ್ನು ಹರಡಿಕೊಂಡು ಕಾರಣ ಹುಡುಕುತ್ತಿದ್ದರು. ತಣ್ಣಗಾದ ಮೇಲೆ ಪೆಡಲು ಮರಳಿತೆಂದರೆ ಎಣ್ಣೆ ಕುದಿದಿರಬೇಕು, ಇದು ಅವರಿಗೆ ಮೊದಲೇ ಹೊಳೆದಿತ್ತು. ಆದರೆ ಎಣ್ಣೆ ಹೊಸದೆಂದು ಪುಸ್ತಕ ಹೇಳುತ್ತಿತ್ತು. ಪುಸ್ತಕವನ್ನು ನಂಬಿ ಅವರು ತಮ್ಮ ಸರಿಯಾದ ಊಹೆಯನ್ನೇ ಬಿಟ್ಟುಕೊಟ್ಟರು. ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿರಬೇಕೆಂದು ತೀರ್ಮಾನಿಸಿ ಬೆಂಗಳೂರಿಗೆ ಕಾಗದ ಬರೆದರು. ಆರನೆಯ ರಾತ್ರಿ ನಾನು ಹೋಗಿ ನಿಂತೆ.

"ಅಪ್ಪಯ್ಯಾ, ಆ ಎಣ್ಣೆ ನಾನು ಬದಲಾಯಿಸಿರಲಿಲ್ಲ."

ಅವರು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಬಳಿಕ, "ಎಷ್ಟು ಬದಲಾಯಿಸಿದ್ದೆ?" ಎಂದರು.

"ಡಬ್ಬಿಯಲ್ಲಿ ಇದ್ದಷ್ಟು ಮಾತ್ರ."

"ಹಾಗಾದರೆ ಚಕ್ರದ ಹತ್ತಿರ ಇರುವುದು ಎಪ್ಪತ್ತೊಂಬತ್ತರ ಎಣ್ಣೆ." ಅಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಬೆಳಿಗ್ಗೆ ನಾನು ಪೆಡಲಿನ ಮೇಲೆ, ಅವರು ಚಕ್ರದ ಪಕ್ಕದಲ್ಲಿ. ನಿಪ್ಪಲುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಟ್ಟಿದ್ದರು. ಗಾಜಿನ ಸೀಸೆಗೆ ಇಳಿದದ್ದು ಕಾಫಿಯ ಗಸಿಯ ಬಣ್ಣಕ್ಕಿತ್ತು. ಬೆಂಗಳೂರಿನ ಅಂಗಡಿಗೆ ಸಿಲಿಂಡರಿನ ಸಾಮಾನು ಬೇಡವೆಂದು ಕಾರ್ಡು ಹೋಯಿತು. ಸಂಜೆ ಅವರು ಪುಸ್ತಕದಲ್ಲಿ ಆ ದಿನದ ಸಾಲನ್ನು ಬರೆದು, ಹಿಂದಿನ ಪುಟಕ್ಕೆ ತಿರುಗಿ, ನಾನು ಖಾಲಿ ಬಿಟ್ಟಿದ್ದ ಸಂಶಯದ ಅಂಕಣದಲ್ಲಿ, 'ಇದು ನಡೆದಿಲ್ಲ. ಡಬ್ಬಿ ಮಾತ್ರ' ಎಂದು ಬರೆದು ಆ ದಿನದ ತಾರೀಖು ಹಾಕಿದರು. ನನ್ನ ಸಾಲನ್ನು ಹೊಡೆದುಹಾಕಲಿಲ್ಲ. ಮುಂದಿನ ವಾರ ಅದೇ ಘಟ್ಟದಲ್ಲಿ ಇಳಿದು ಅಕ್ಕನನ್ನು ಕರೆತಂದೆವು. ದಾರಿಯಲ್ಲಿ ಮೂರು ಕಡೆ ಗಾಡಿ ನಿಲ್ಲಿಸಿ ಡ್ರಮ್ಮುಗಳನ್ನು ಮುಟ್ಟಿ ನೋಡಿದ್ದೂ ಪುಸ್ತಕದಲ್ಲಿ ಸೇರಿತು.

1991ರಲ್ಲಿ ಗಾಡಿಯನ್ನು ಮಾರಿದರು. ಕೊಂಡವರು ಭದ್ರಾವತಿಯ ಕಡೆಯವರು. ಪುಸ್ತಕವನ್ನೂ ಅವರಿಗೆ ಕೊಡುತ್ತಿರುವುದನ್ನು ಕಂಡು, ಆ ಒಂದು ಪುಟವನ್ನಾದರೂ ತೆಗೆದುಬಿಡೋಣವೇ ಎಂದು ನಾನು ಮೆಲ್ಲಗೆ ಕೇಳಿದೆ. "ಪುಸ್ತಕ ಗಾಡಿಯದು, ನಮ್ಮದಲ್ಲ" ಎಂದರು. ಕೊಂಡವರು ಅಂಗಳದಲ್ಲೇ ನಿಂತು ಪುಟಗಳನ್ನು ತಿರುವಿದರು. ಆ ಪುಟದ ಬಳಿ ಸ್ವಲ್ಪ ತಡೆದರೆಂದು ನನಗೆ ಅನ್ನಿಸಿತು. ಏನೂ ಕೇಳಲಿಲ್ಲ. ಪುಸ್ತಕವನ್ನು ಮುಂದಿನ ಸೀಟಿನ ಮೇಲಿಟ್ಟುಕೊಂಡು ಹೊರಟರು. ಈ ಲೇಖನದಲ್ಲಿ ಎಲ್ಲಿಯೂ ಮೀಟರಿನ ಅಂಕೆಗಳನ್ನು ಕೊಡದೆ ಇರುವುದಕ್ಕೆ ಅದೇ ಕಾರಣ. ಪೆಟ್ರೋಲಿನ ಲೆಕ್ಕದ 12 ಮತ್ತು 10ನ್ನು ಓದುಗರು 'ಅಂದಾಜು' ಎಂದು ಓದಿಕೊಳ್ಳಬೇಕು.